ಕಂಪ್ಯೂಟರಿಗೂ ಸೆಕೆಯಾಗುತ್ತದೆ

(ಮಹಿಳಾ ವೇದಿಕೆಯ ಮಾಸಿಕ ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ)

ಈ ಸಲ ಕಂಪ್ಯೂಟರಿನ ಬಗ್ಗೆ ಮಾತಾಡು ಎಂದಾಗ ಸ್ವಲ್ಪ ಅಳುಕಿದೆ. ಪಾಠ ಮಾಡುವುದಿಲ್ಲ. ನಮ್ಮ ಮನೆಯಲ್ಲಿ ನಡೆದದ್ದನ್ನೇ ಹೇಳುತ್ತೇನೆ.

ನನ್ನ ಅಮ್ಮ ದಾದರಿನ ಮನೆಯಿಂದ ಮಕ್ಕಳಿಗೆ ಆನ್‌ಲೈನಿನಲ್ಲಿ ಕನ್ನಡ ಅಕ್ಷರ ಕಲಿಸುತ್ತಾರೆ. ಕಳೆದ ಮೇ ತಿಂಗಳಲ್ಲಿ ತರಗತಿಯ ನಡುವೆಯೇ ಡೆಸ್ಕ್‌ಟಾಪ್ ಆಫ್ ಆಗತೊಡಗಿತು. ಫೋನ್ ಮಾಡಿದಾಗಲೆಲ್ಲ ನಾನು ಆಫೀಸಿನಿಂದ "ರೀಸ್ಟಾರ್ಟ್ ಮಾಡಮ್ಮ" ಎಂದು ಹೇಳಿ ಫೋನ್ ಇಡುತ್ತಿದ್ದೆ. ಅಂಗಡಿಯವರೊಬ್ಬರು ನೋಡಿ, "ಹಳೆಯದಾಯಿತು, ಹೊಸದು ತಗೊಳ್ಳಿ" ಎಂದರು. ಎರಡು ವಾರ ಕಳೆದ ಮೇಲೆ ಅಮ್ಮ ತರಗತಿಯನ್ನೇ ನಿಲ್ಲಿಸಿದರು. "ನಾನೇ ಏನೋ ತಪ್ಪು ಒತ್ತುತ್ತೇನೆ ಅಂತ ಕಾಣುತ್ತೆ, ಮಕ್ಕಳ ಎದುರು ನಾಚಿಕೆ" ಎಂದರು. ಎಂ.ಟೆಕ್. ಮಾಡಿದ ಮಗಳಿಗೆ ನಿಜವಾಗಿ ನಾಚಿಕೆಯಾದದ್ದು ಆಗ. ಆ ಭಾನುವಾರ ಹೋಗಿ ಕುಳಿತೆ.

ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ಪ್ರೊಸೆಸರಿನ ಉಷ್ಣತೆಯನ್ನು ತೋರಿಸುವುದಿಲ್ಲ. ಅದಕ್ಕೆ ಎಚ್‌ಡಬ್ಲ್ಯುಇನ್ಫೋ, ಕೋರ್ ಟೆಂಪ್‌ನಂಥ ಉಚಿತ ತಂತ್ರಾಂಶಗಳಿವೆ. ಒಂದನ್ನು ಹಾಕಿ ನೋಡಿದೆ. ಏನೂ ಕೆಲಸವಿಲ್ಲದಾಗಲೇ 62 ಡಿಗ್ರಿ. ವೀಡಿಯೊ ಕರೆ ಶುರು ಮಾಡಿದೆ. ಹತ್ತು ನಿಮಿಷದಲ್ಲಿ 97.

ಈ ಅಂಕಿಯನ್ನು ಜ್ವರದ ಥರ್ಮಾಮೀಟರಿನಂತೆ ಓದಬಾರದು. ನಮ್ಮ ಮೈಗೆ 37 ಸರಿಯಾದ ಅಂಕಿ. ಪ್ರೊಸೆಸರಿಗೆ ಅಂಥ ಒಂದೇ ಅಂಕಿ ಇಲ್ಲ, ಇರುವುದು ಮಿತಿ. ಇಂಟೆಲ್‌ನ ಅನೇಕ ಡೆಸ್ಕ್‌ಟಾಪ್ ಪ್ರೊಸೆಸರುಗಳಲ್ಲಿ ಅದು 100 ಡಿಗ್ರಿ ಸೆಲ್ಸಿಯಸ್, ಎಎಂಡಿಯ ರೈಜನ್ 7000 ಸಾಲಿನ ಅನೇಕವುಗಳಲ್ಲಿ 95. ಇಂಟೆಲ್ ಪ್ರೊಸೆಸರಿನ ಒಳಗಿನ ಸೆನ್ಸರ್ ಅಳೆಯುವುದೇ 'ಮಿತಿಗೆ ಇನ್ನೆಷ್ಟು ಡಿಗ್ರಿ ಬಾಕಿ' ಎಂಬುದನ್ನು. ತಂತ್ರಾಂಶ ಅದನ್ನು ಮಿತಿಯಿಂದ ಕಳೆದು ನಮಗೆ ತೋರಿಸುತ್ತದೆ. ಮಿತಿಯ ಹತ್ತಿರ ಈ ಲೆಕ್ಕ ಹೆಚ್ಚು ನಿಖರ, ತಂಪಾಗಿದ್ದಾಗ ಅಷ್ಟು ನಿಖರವಲ್ಲ. ಸುಮ್ಮನಿದ್ದಾಗ 41 ಇದ್ದದ್ದು 45 ಆಯಿತೆಂದು ಹೆದರಬೇಕಿಲ್ಲ. ಇನ್ನೊಂದು ಉದಾಹರಣೆ: 2017ರಲ್ಲಿ ಬಂದ ರೈಜನ್ 7 1800ಎಕ್ಸ್ ಪ್ರೊಸೆಸರ್, ಫ್ಯಾನಿನ ವೇಗವನ್ನು ಹೊಂದಿಸುವುದಕ್ಕಾಗಿ, ಇದ್ದದ್ದಕ್ಕಿಂತ 20 ಡಿಗ್ರಿ ಹೆಚ್ಚು ಹೇಳುತ್ತಿತ್ತು. ಅದನ್ನು ಕಂಡು ಗಾಬರಿಯಾದವರು ಬಹಳ.

ಹಾಗಾಗಿ ಅಂಕಿಯ ಜೊತೆ ಎರಡು ಪ್ರಶ್ನೆ ಕೇಳಬೇಕು. ಕಂಪ್ಯೂಟರ್ ಆಗ ಏನು ಮಾಡುತ್ತಿತ್ತು? ಕೋಣೆಯ ಉಷ್ಣತೆ ಎಷ್ಟಿತ್ತು?

ಎರಡನೆಯದು ಮುಂಬಯಿಯಲ್ಲಿ ಮುಖ್ಯ. ಫ್ಯಾನ್ ಎಷ್ಟೇ ತಿರುಗಿದರೂ ಪ್ರೊಸೆಸರನ್ನು ಕೋಣೆಯ ಗಾಳಿಗಿಂತ ತಂಪು ಮಾಡಲಾರದು. ನಮಗೆ ಫ್ಯಾನಿನ ಕೆಳಗೆ ಹಾಯೆನಿಸುವುದು ಬೆವರು ಆರುವುದರಿಂದ. ಪ್ರೊಸೆಸರಿಗೆ ಬೆವರಿಲ್ಲ. ಕೋಣೆ 32 ಡಿಗ್ರಿ ಇದ್ದರೆ ಅದರ ಲೆಕ್ಕ ಅಲ್ಲಿಂದಲೇ ಶುರು. ಅಂಥ ಕೋಣೆಯಲ್ಲಿ ಸುಮ್ಮನಿದ್ದಾಗ 40ರಿಂದ 50, ದುಡಿಯುವಾಗ 70ರಿಂದ 85 ಬಂದರೆ ನಾನು ನಿಶ್ಚಿಂತೆಯಿಂದ ಇರುತ್ತೇನೆ. ಸಾಧಾರಣ ಕೆಲಸಕ್ಕೇ ಬಹಳ ಹೊತ್ತು 90ರ ಮೇಲೆ ನಿಂತರೆ ಪೆಟ್ಟಿಗೆ ತೆರೆದು ನೋಡುತ್ತೇನೆ. ಮಿತಿ ಮುಟ್ಟಿದಾಗ ಪ್ರೊಸೆಸರ್ ಮೊದಲು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಆಗ ನಮಗೆ ಕಾಣುವುದು 'ಕಂಪ್ಯೂಟರ್ ಸ್ಲೋ ಆಯಿತು' ಎಂಬುದಷ್ಟೇ. ಆಗಲೂ ಬಿಸಿ ಏರುತ್ತ ಹೋದರೆ ಸುಟ್ಟುಹೋಗದಿರಲೆಂದು ಆಫ್ ಆಗಿಬಿಡುತ್ತದೆ.

ಒಳಗಿನ ವ್ಯವಸ್ಥೆ ಸರಳ. ಸಾಮಾನ್ಯ ಡೆಸ್ಕ್‌ಟಾಪ್ ಪ್ರೊಸೆಸರ್ ಪೂರ್ತಿ ದುಡಿಯುವಾಗ ಸುಮಾರು 65 ವ್ಯಾಟ್ ಶಾಖ ಹೊಮ್ಮಿಸುತ್ತದೆ. ಹಳೆಯ 60 ವ್ಯಾಟಿನ ಬಲ್ಬು ಉರಿಯುವಾಗ ಮುಟ್ಟಲಾಗುತ್ತಿರಲಿಲ್ಲ, ನೆನಪಿದೆಯಲ್ಲ? ಇಲ್ಲಿ ಅಷ್ಟು ಶಾಖ ಒಂದು ನಾಣ್ಯದಷ್ಟು ಜಾಗದಲ್ಲಿ. ಪ್ರೊಸೆಸರಿನ ಮೇಲೆ ತೆಳುವಾಗಿ ಥರ್ಮಲ್ ಪೇಸ್ಟ್, ಅದರ ಮೇಲೆ ಲೋಹದ ಪದರಗಳ ಹೀಟ್ ಸಿಂಕ್, ಅದರ ಮೇಲೆ ಫ್ಯಾನ್. ತವಾಕ್ಕೆ ತಾಗದ ಕಡೆ ರೊಟ್ಟಿ ಹಸಿಯಾಗಿ ಉಳಿಯುತ್ತದಲ್ಲ, ಹಾಗೆಯೇ ಎರಡು ಲೋಹಗಳ ನಡುವೆ ಗಾಳಿ ಉಳಿದ ಕಡೆ ಶಾಖ ದಾಟುವುದಿಲ್ಲ. ಆ ಸಂದು ತುಂಬುವುದೇ ಪೇಸ್ಟಿನ ಕೆಲಸ. ವರ್ಷಗಳು ಕಳೆದಂತೆ ಅದು ಒಣಗುತ್ತದೆ.

ಅಮ್ಮನ ಕಂಪ್ಯೂಟರ್ ಮೇಜಿನ ಕೆಳಗಿನ ಗೂಡಿನಲ್ಲಿ, ಮೂರೂ ಕಡೆ ಹಲಗೆ, ಮೇಲೊಂದು ಕಸೂತಿಯ ಬಟ್ಟೆ. ಬಿಸಿಗಾಳಿ ಹೊರಹೋಗಲು ದಾರಿಯೇ ಇಲ್ಲ. ತೆರೆದರೆ ಒಗ್ಗರಣೆಯ ಜಿಡ್ಡು, ಊದುಬತ್ತಿಯ ಹೊಗೆ, ಪಕ್ಕದ ಕಟ್ಟಡ ಕೆಡವಿದ ಧೂಳು ಸೇರಿ ಹೀಟ್ ಸಿಂಕಿನ ಮೇಲೆ ಕಂಬಳಿಯಂತೆ ಕೂತಿತ್ತು. ಕೂಲರನ್ನು ಹಿಡಿದಿಡುವ ನಾಲ್ಕು ಪ್ಲಾಸ್ಟಿಕ್ ಪಿನ್‌ಗಳಲ್ಲಿ ಒಂದು ಮೇಲೆದ್ದಿತ್ತು. ಒಂದು ಮೂಲೆ ಪ್ರೊಸೆಸರಿಗೆ ಸರಿಯಾಗಿ ತಾಗುತ್ತಲೇ ಇರಲಿಲ್ಲ.

ಪ್ಲಗ್ ಕಿತ್ತು, ಫ್ಯಾನ್ ತಿರುಗದಂತೆ ಬೆರಳಲ್ಲಿ ಹಿಡಿದು, ಮೆತ್ತನೆಯ ಬ್ರಷ್‌ನಿಂದ ಧೂಳು ತೆಗೆದೆ. ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ, ಬಟಾಣಿ ಕಾಳಿನಷ್ಟು ಹೊಸ ಪೇಸ್ಟ್ ಇಟ್ಟು, ನಾಲ್ಕೂ ಪಿನ್ 'ಟಕ್' ಎನ್ನುವಂತೆ ಒತ್ತಿದೆ. ಪೇಸ್ಟಿನ ಟ್ಯೂಬನ್ನು ಲ್ಯಾಮಿಂಗ್ಟನ್ ರೋಡಿನಿಂದ ತಂದಿದ್ದೆ. ಕೊನೆಗೆ ಪೆಟ್ಟಿಗೆಯನ್ನು ಗೂಡಿನಿಂದ ಹೊರಗಿಟ್ಟೆ. ಅದೇ ಕೋಣೆ, ಅದೇ ವೀಡಿಯೊ ಕರೆ: 71 ಡಿಗ್ರಿ. ಹೋಲಿಸಿ ನೋಡಿದರೇನೇ ಅಂಕಿಗೆ ಅರ್ಥ.

ಅಷ್ಟರಲ್ಲಿ ಅಮ್ಮ ಅಡುಗೆಮನೆಯ ಕ್ಯಾಲೆಂಡರ್ ತಂದು ತೋರಿಸಿದರು. ಹಾಲಿನ ಲೆಕ್ಕದ ಪಕ್ಕದಲ್ಲೇ ಕಂಪ್ಯೂಟರ್ ಆಫ್ ಆದ ಸಮಯ ಬರೆದಿಟ್ಟಿದ್ದರು. ಎಲ್ಲವೂ ಮಧ್ಯಾಹ್ನ ಮೂರರಿಂದ ನಾಲ್ಕರೊಳಗೆ. ಬೆಳಗಿನ ತರಗತಿಯಲ್ಲಿ ಒಮ್ಮೆಯೂ ಇಲ್ಲ. "ಮೊದಲು ಗಿರಣಿ ಹಾಗೆ ಸದ್ದು, ಆಮೇಲೆ ಆಫ್, ಅಂತ ನಿನಗೆ ಹೇಳಿದ್ದೆನಲ್ಲ" ಎಂದರು. ಹೇಳಿದ್ದರು. ಸೆಕೆ, ಫ್ಯಾನಿನ ಸದ್ದು, ಸಮಯ – ಕಾರಣಕ್ಕೆ ಬೇಕಾದ ಸುಳಿವೆಲ್ಲ ಅವರ ಹತ್ತಿರವಿತ್ತು. ಕೇಳುವವರು ಇರಲಿಲ್ಲ.

ಮನೆಯ ಕಂಪ್ಯೂಟರ್ ತೊಂದರೆ ಕೊಟ್ಟರೆ ದಯವಿಟ್ಟು "ನನಗೆ ಬರುವುದಿಲ್ಲ" ಎಂದು ಶುರು ಮಾಡಬೇಡಿ. ಯಾವಾಗ, ಏನು ಮಾಡುವಾಗ, ಎಂಥ ಸದ್ದು ಎಂದು ಬರೆದಿಡಿ. ಪೆಟ್ಟಿಗೆ ತೆರೆಯಲು ಧೈರ್ಯವಿಲ್ಲದಿದ್ದರೆ ಬೇರೆಯವರಿಂದ ತೆರೆಸಿ. ಆದರೆ ಮೊದಲೂ ಆಮೇಲೂ ಉಷ್ಣತೆ ಎಷ್ಟಿತ್ತೆಂದು ನೀವೇ ನೋಡಿ. ಹೊಸದು ಕೊಳ್ಳುವ ಮಾತು ಅದಾದ ಮೇಲೆ.

ಅಮ್ಮನ ತರಗತಿ ಜೂನ್‌ನಲ್ಲಿ ಮತ್ತೆ ಶುರುವಾಯಿತು. ಕಸೂತಿಯ ಬಟ್ಟೆ ಈಗ ಟಿ.ವಿ.ಯ ಮೇಲಿದೆ. ಅದರ ಬಗ್ಗೆ ಮುಂದಿನ ಸಲ ಮಾತಾಡೋಣ.