ಎದುರುಬದುರಿನ ಎರಡು ಗುಡಿಗಂಟೆಗಳು

ಊರು ಬಿಟ್ಟು ಹೊರಟವರು ಗಂಟಿನಲ್ಲಿ ಏನನ್ನು ಕಟ್ಟಿಕೊಳ್ಳುತ್ತಾರೆ? ಗ್ರೀಸಿನ ಮಾನಿ ಪ್ರಾಂತ್ಯದಿಂದ 1675ರಲ್ಲಿ ಹಡಗು ಹತ್ತಿದ ಏಳುನೂರಕ್ಕೂ ಹೆಚ್ಚು ಜನ ತಮ್ಮ ಸಂತರ ಚಿತ್ರಪಟಗಳನ್ನು ಕಟ್ಟಿಕೊಂಡರು. ತುರ್ಕರ ಆಳ್ವಿಕೆಯಿಂದ ತಪ್ಪಿಸಿಕೊಂಡ ಅವರಿಗೆ, ಆಗ ಕಾರ್ಸಿಕಾ ದ್ವೀಪವನ್ನು ಆಳುತ್ತಿದ್ದ ಇಟಲಿಯ ಜಿನೋವಾದವರು ಆ ದ್ವೀಪದಲ್ಲಿ ನೆಲ ಕೊಟ್ಟರು. ಅಲ್ಲಿ ಹೊಲ ತೋಟ ಮಾಡಿದರು. ಆದರೆ ಜಿನೋವಾದ ವಿರುದ್ಧ ಸ್ಥಳೀಯರು ದಂಗೆಯೆದ್ದಾಗ, 1731ರಲ್ಲಿ ಕಟ್ಟಿದ್ದನ್ನೆಲ್ಲ ಬಿಟ್ಟು ಅಜಾಕ್ಸಿಯೋ ಪಟ್ಟಣಕ್ಕೆ ಓಡಬೇಕಾಯಿತು. ನಾಲ್ಕು ದಶಕಗಳ ನಂತರ ಫ್ರೆಂಚರ ಕಾಲದಲ್ಲಿ ಕಾರ್ಜೆಸ್ ಎಂಬ ಹೊಸ ಹಳ್ಳಿ ಅವರದಾಯಿತು.

ಕಡಲಿಗೆ ಮುಖ ಮಾಡಿದ ಆ ಹಳ್ಳಿಯಲ್ಲಿ ಇಂದಿಗೂ ಎರಡು ಚರ್ಚುಗಳು ಎದುರುಬದುರು ನಿಂತಿವೆ. ಒಂದು ಲ್ಯಾಟಿನ್ ಪದ್ಧತಿಯದು, ಇನ್ನೊಂದು ಗ್ರೀಕ್ ಪದ್ಧತಿಯದು. ಗ್ರೀಕ್ ಚರ್ಚಿನಲ್ಲಿ ಪೂರ್ವಿಕರು ಹೊತ್ತು ತಂದ ಚಿತ್ರಪಟಗಳಿವೆ. ಬಹುಕಾಲ ಒಬ್ಬರೇ ಪಾದ್ರಿ ಎರಡೂ ಕಡೆ ಸರದಿಯಂತೆ ಪೂಜೆ ನಡೆಸಿದರು. ಒಂದು ಕಾಲಕ್ಕೆ ಬಡಿದಾಡಿದ ಗ್ರೀಕರ ಮತ್ತು ಸ್ಥಳೀಯರ ಮಕ್ಕಳು ಬೀಗರಾದರು.

ಗ್ರೀಕ್ ಮಾತು ಮಾತ್ರ 20ನೇ ಶತಮಾನದಲ್ಲಿ ಅಲ್ಲಿನ ಮನೆಗಳಿಂದ ಮರೆಯಾಯಿತು. ಆಚರಣೆ ಉಳಿಯಿತು, ನುಡಿ ಅಳಿಯಿತು. ಹಬ್ಬವನ್ನು ವರ್ಷಕ್ಕೊಮ್ಮೆ ಊರೆಲ್ಲ ಸೇರಿ ಉಳಿಸಿಕೊಳ್ಳಬಹುದು. ಮಾತನ್ನು ದಿನವೂ ಮನೆಯಲ್ಲೇ ಉಳಿಸಬೇಕು. ನೆರೆಯವರೊಂದಿಗೆ ಬೆರೆಯುವುದು ಬಾಳಿಗೆ ಬೇಕು. ಹಾಗೆ ಬೆರೆಯುತ್ತಲೇ ಮಕ್ಕಳೊಡನೆ ನಮ್ಮ ನುಡಿಯಲ್ಲಿ ನಾಲ್ಕು ಮಾತಾಡುವುದೂ ಬೇಕು. ಆ ಕೆಲಸವನ್ನು ಯಾವ ಗುಡಿಯೂ ನಮ್ಮ ಪರವಾಗಿ ಮಾಡಲಾರದು.