ಹಳೇ ವಾಷರು ಮತ್ತು ಹಳೇ ಬಾಕಿ
(ಸಂಘದ ರಜತ ಮಹೋತ್ಸವದಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಾನು ಭಾಷಣಗಾರನಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿ ಬೇಸಾಯಕ್ಕೆ ಇಳಿದವನು. ನಂಬಿಕೆ ಬಗ್ಗೆ ಎರಡು ಮಾತಾಡಿ ಅಂತ ಅಧ್ಯಕ್ಷರು ಹೇಳಿದಾಗ ನನಗೆ ಮೊದಲು ನೆನಪಾದದ್ದು ನನ್ನ ಟ್ರ್ಯಾಕ್ಟರು.

ಎರಡು ವರ್ಷದ ಹಿಂದಿನ ಮಾತು. ಒಟ್ಲಲ್ಲಿ ಪೈರು ಬಲಿತಿತ್ತು, ನಾಲೆ ನೀರು ಗದ್ದೆಗೆ ಬಂದಿತ್ತು, ನಾಟಿ ಆಳುಗಳಿಗೆ ಹೇಳಿಯಾಗಿತ್ತು. ಕೇಜ್‌ವೀಲ್ ಹಾಕಿ ಕೆಸರು ಮಾಡುವಾಗ ಟ್ರ್ಯಾಕ್ಟರು ನಿಂತುಬಿಟ್ಟಿತು. ಸ್ಟಾರ್ಟ್ ಮಾಡಿದರೆ ಎರಡು ನಿಮಿಷ ಓಡುವುದು, ಮತ್ತೆ ನಿಲ್ಲುವುದು.

ಪೇಟೆಯ ಒಂದು ಗ್ಯಾರೇಜಿನವರನ್ನು ಕರೆತಂದೆ. ಬಾನೆಟ್ ಎತ್ತಿ ನೋಡಿ, "ಪಂಪು ಹೋಗಿದೆ, ನಾಜಲ್ಲೂ ಹೋಗಿದೆ. 18,000 ಆಗುತ್ತೆ, ಒಂದು ವಾರ ಬೇಕು" ಅಂದರು. ಬಂದು ನೋಡಿದ್ದಕ್ಕೇ 500 ರೂಪಾಯಿ ತಗೊಂಡರು. ಆ ರಾತ್ರಿ ಮನೆಯಲ್ಲಿ ಓಲೆ ಅಡ ಇಡುವ ಮಾತೂ ಬಂತು.

ಬೆಳಿಗ್ಗೆ, ನೋಡೇಬಿಡೋಣ ಅಂತ, ನಮ್ಮೂರ ಹುಣಸೇಮರದ ಕೆಳಗೆ ಗ್ಯಾರೇಜ್ ಇಟ್ಟಿರುವ ಹುಡುಗನನ್ನು ಕರೆದೆ. ಅವನು ಮೊದಲು ಕೇಳಿದ್ದು, "ಅಣ್ಣಾ, ಡೀಸೆಲ್ ಫಿಲ್ಟರ್ ಯಾವಾಗ ಬದಲಾಯಿಸಿದ್ರಿ?" ನನಗೆ ನೆನಪೇ ಇಲ್ಲ! ಫಿಲ್ಟರ್ ಮೇಲಿನ ಸ್ಕ್ರೂ ಸಡಿಲಿಸಿ ಕೈಪಂಪು ಒತ್ತಿದ. ಡೀಸೆಲ್ ಜೊತೆ ಗುಳ್ಳೆ ಬಂತು. "ಏರ್ ಹಿಡಿದಿದೆ ಅಣ್ಣಾ. ವಾಷರ್ ಸವೆದು ಪೈಪಿನೊಳಗೆ ಗಾಳಿ ಸೇರ್ತಿದೆ. ಪಂಪು ಬಿಚ್ಚೋ ಕೆಲಸ ಇಲ್ಲ" ಅಂದ. ವಾಷರು, ಫಿಲ್ಟರು ಬದಲಾಯಿಸಿ, ಗುಳ್ಳೆ ನಿಲ್ಲುವವರೆಗೂ ಒತ್ತಿ ಸ್ಕ್ರೂ ಬಿಗಿದ. ಗಾಡಿ ಓಡಿತು. ಸಾಮಾನು, ಕೂಲಿ ಸೇರಿ 850 ರೂಪಾಯಿ. ಹಳೇ ವಾಷರನ್ನೂ ಕಪ್ಪಾದ ಫಿಲ್ಟರನ್ನೂ ಪೇಪರಲ್ಲಿ ಸುತ್ತಿ ನನ್ನ ಕೈಗೇ ಕೊಟ್ಟ.

ದುಡ್ಡು ಬರೆದುಕೊಳ್ಳಲು ಅವನು ಪುಸ್ತಕ ತೆಗೆದಾಗ ನನ್ನ ಹೆಸರಿನ ಮುಂದೆ ಹಿಂದಿನ ವರ್ಷದ ಬಾಕಿ 1,200 ಕಂಡಿತು. ಅವನು ಬಾಯಿ ಬಿಡಲಿಲ್ಲ. ಪೇಟೆಯವರಿಗೆ ಕೈಮೇಲೆ ದುಡ್ಡು ಕೊಟ್ಟವನು ನಾನು, ಊರಿನವನಿಗೆ ಸಾಲ ಹೇಳಿದವನೂ ನಾನೇ. ಅದೇ ಹಾಳೆಯಲ್ಲಿ ಇಲ್ಲಿ ಕೂತಿರುವ ಇನ್ನೂ ಕೆಲವರ ಹೆಸರಿತ್ತು. ಹೆಸರು ಹೇಳುವುದಿಲ್ಲ, ಹೆದರಬೇಡಿ.

ಬಂಧುಗಳೇ, ರಿಪೇರಿಗೆ ಬಿಡುವ ಮೊದಲು ಏನಾಗಿದೆ, ಎಷ್ಟಾಗುತ್ತೆ ಅಂತ ಕೇಳಿ. ಬದಲಾಯಿಸಿದ ಸಾಮಾನು ವಾಪಸ್ ಕೇಳಿ. ಬಿಲ್ಲು ಕೇಳಿ, ಕೆಲಸಕ್ಕೆ ಬಿಲ್ಲು ಕೊಡದಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಆದರೆ ಪ್ರಾಮಾಣಿಕನಿಗೆ ಬಾಕಿ ಮಾತ್ರ ಉಳಿಸಬೇಡಿ. ಅವನು ಅಂಗಡಿ ಮುಚ್ಚಿದರೆ ನಾಟಿ ಕಾಲದಲ್ಲಿ ನಮಗೆ ಯಾರು ದಿಕ್ಕು?

1905ರಲ್ಲಿ ಗದಗದ ಹತ್ತಿರ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದೂ ಈ ನಂಬಿಕೆ ಮೇಲೆಯೇ. ಕೊಟ್ಟವನು ಲೆಕ್ಕ ತೋರಿಸಬೇಕು, ತಗೊಂಡವನು ವಾಯಿದೆಗೆ ಕಟ್ಟಬೇಕು. ನಮ್ಮ ಸಂಘ 25 ವರ್ಷ ನಡೆದದ್ದೂ ಹೀಗೆಯೇ.

ಆ ಹಳೇ ವಾಷರು ಇವತ್ತೂ ನಮ್ಮ ಮನೆ ಗೂಡಿನಲ್ಲಿದೆ. ಬಾಕಿ ಅದೇ ದಿನ ತೀರಿಸಿದೆ.

ಜೈ ಸಹಕಾರ, ಜೈ ಕರ್ನಾಟಕ.