ಬೂದಿಯಲ್ಲಿ ಹೂತಿಟ್ಟ ಲೋಟ



ಹಾರುವ ಹುಳುಗಳಲ್ಲಿ ಎಷ್ಟೋ ದೀಪಕ್ಕೆ ತಾವಾಗಿ ಬರುತ್ತವೆ. ನೆಲದ ಮೇಲೆ ಹರಿದಾಡುವ ಜೀರುಂಡೆ, ಜೇಡ, ಸಹಸ್ರಪದಿಗಳನ್ನು ಹಿಡಿಯುವುದು ಅಷ್ಟು ಸುಲಭವಲ್ಲ. 1905ರಲ್ಲಿ ಇಟಲಿಯ ಅಂಟೋನಿಯೊ ಬರ್ಲೇಸೆ ತರಗೆಲೆಯನ್ನು ಆಲಿಕೆಯ ಮೇಲೆ ಹರಡಿ ಬಿಸಿ ತಾಗಿಸಿದರು. ಒಣಗುವ ಎಲೆ ಬಿಟ್ಟು ತೇವ ಹುಡುಕುತ್ತ ಇಳಿದ ಜೀವಿಗಳು ಕೆಳಗಿನ ಸೀಸೆಗೆ ಬಿದ್ದವು. 1918ರಲ್ಲಿ ಸ್ವೀಡನ್ನಿನ ಟುಲ್‌ಗ್ರೆನ್ ಅದಕ್ಕೆ ವಿದ್ಯುದ್ದೀಪ ಕೂಡಿಸಿದರು. 1931ರಲ್ಲಿ ಅಮೆರಿಕದ ಹರ್ಬರ್ಟ್ ಬಾರ್ಬರ್ ಗುಹೆಯ ಕೀಟಗಳಿಗೆಂದು ನೆಲದಲ್ಲಿ ಹೂಳುವ ಬಲೆಯನ್ನು ವಿವರಿಸಿದರು. ನಮ್ಮ ಕಾಡುಗಳಲ್ಲಿ ಆನೆ ಹಿಡಿಯುತ್ತಿದ್ದ ಗುಂಡಿಯ ಉಪಾಯವೇ ಇದು.

ಒಂದು ಲೋಟ, ಒಂದು ಗುಂಡಿ, ಅಷ್ಟೇ. ಆದರೆ ಕೈಚಳಕವೆಲ್ಲ ಅಂಚಿನಲ್ಲಿದೆ. ಲೋಟದ ಬಾಯಿ ನೆಲಕ್ಕೆ ಸಮವಾಗಿರಬೇಕು. ಕೊಂಚ ಮೇಲೆದ್ದಿದ್ದರೂ ಹುಳು ಬಳಸಿಕೊಂಡು ಹೋಗಿಬಿಡುತ್ತದೆ. ಮಳೆನೀರು ತುಂಬದಂತೆ ಮೇಲೊಂದು ಹಲಗೆಯನ್ನು ಸಣ್ಣ ಕಲ್ಲುಗಳ ಮೇಲೆ ಎತ್ತರಿಸಿಡಬೇಕು. ಇನ್ನೊಂದು ಮಾತು ಮರೆಯಬಾರದು: ಹೆಚ್ಚು ಓಡಾಡುವ ಹುಳು ಹೆಚ್ಚು ಬೀಳುತ್ತದೆ. ಲೋಟದ ಲೆಕ್ಕ ಆ ನೆಲದ ಜನಗಣತಿಯಲ್ಲ.

ಈ ಬಲೆಗಳ ಚರಿತ್ರೆಯಲ್ಲಿ ನನಗೆ ಅತಿ ಪ್ರಿಯವಾದ ಅಧ್ಯಾಯ ನಡೆದದ್ದು ಸಿಯಾಟಲ್ ಸೀಮೆಯಲ್ಲಿ. 1980ರ ಮೇ 18ರಂದು, ಆ ಊರಿನ ದಕ್ಷಿಣಕ್ಕೆ ಸುಮಾರು 150 ಕಿಲೋಮೀಟರ್ ದೂರದ ಸೇಂಟ್ ಹೆಲೆನ್ಸ್ ಜ್ವಾಲಾಮುಖಿ ಸಿಡಿಯಿತು. ಬೆಟ್ಟದ ಬಡಗಣ ತಪ್ಪಲು ಬಿಸಿ ಬೂದಿ, ಪ್ಯೂಮಿಸ್ ಕಲ್ಲಿನಡಿ ಹೂತುಹೋಯಿತು, ಹುಲ್ಲುಕಡ್ಡಿಯೂ ಉಳಿಯಲಿಲ್ಲ. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಜಾನ್ ಎಡ್ವರ್ಡ್ಸ್, ಪ್ಯಾಟ್ರಿಕ್ ಸಗ್, ಬರ್ಕ್ ಮ್ಯೂಸಿಯಂನ ಜೇಡತಜ್ಞ ರಾಡ್ ಕ್ರಾಫರ್ಡ್ ಆ ಬೋಳು ಬಯಲಿನ ಹೊಸ ನಿವಾಸಿಗಳನ್ನು ಹುಡುಕಿ ಹೊರಟರು.

ನಡೆಯುವವನ್ನು ಲೋಟ ಹಿಡಿಯುತ್ತದೆ. ಗಾಳಿ ತಂದು ಸುರಿಯುವವನ್ನು? ಎಡ್ವರ್ಡ್ಸ್ ಹಿಮದ ಮೇಲೆ ಗಾಳಿ ಉದುರಿಸಿದ ಕೀಟಗಳನ್ನು ಮೊದಲೇ ಅಭ್ಯಾಸ ಮಾಡಿದವರು. ಅವರು ಮರದ ಚೌಕಟ್ಟುಗಳಲ್ಲಿ ಗಾಲ್ಫ್ ಚೆಂಡುಗಳನ್ನು ಒತ್ತೊತ್ತಾಗಿ ಜೋಡಿಸಿ ಬಯಲಲ್ಲಿಟ್ಟರು. ನಿಜವಾದ ಕಲ್ಲುಹರಳಿನ ಸಂದುಗಳಲ್ಲಿ ಸಿಕ್ಕಿಬೀಳುವಂತೆಯೇ ಹುಳುಗಳು ಚೆಂಡುಗಳ ನಡುವೆ ಸಿಕ್ಕಿಬಿದ್ದವು. ಇದಕ್ಕಿಂತ ಜಾಣ ಬಲೆಯನ್ನು ನಾನು ಕಂಡಿಲ್ಲ. ಆ ನೆಲವನ್ನೇ ಅದು ನಟಿಸುತ್ತದೆ.

ಮೊದಲು ಗಿಡ, ಆಮೇಲೆ ಗಿಡ ತಿನ್ನುವವು, ಕೊನೆಗೆ ಬೇಟೆಗಾರರು ಎಂಬ ಪಾಠದ ಕ್ರಮ ಅಲ್ಲಿ ತಲೆಕೆಳಗಾಯಿತು. ಜೀರುಂಡೆ, ಜೇಡಗಳಂಥ ಬೇಟೆಗಾರರೂ ಸತ್ತದ್ದನ್ನು ತಿನ್ನುವವರೂ ಗಿಡಗಳಿಗಿಂತ ಮೊದಲೇ ಬಿಡಾರ ಹೂಡಿದ್ದರು. ಗಾಳಿ ದಿನವೂ ಉದುರಿಸುತ್ತಿದ್ದ ಹುಳುಗಳೇ ಅವರ ಊಟ. ನೂಲಿನ ಎಳೆ ಹಿಡಿದು ತೇಲಿ ಬಂದ ಜೇಡಗಳು ನೂರಕ್ಕೂ ಹೆಚ್ಚು ಜಾತಿಯವು. ಆ ಮೊದಲ ವರ್ಷಗಳಲ್ಲಿ ಅಲ್ಲಿ ಸಂಸಾರ ಹೂಡಿದವು ಬೆರಳೆಣಿಕೆಯಷ್ಟು ಮಾತ್ರ.